ಶಾರದೆಯ ದಡದಲ್ಲಿ ನಡಿಗೆ: ದುವ್ವಾಡದ ನೆರೆಯ ಕೆಲವು ಸುಲಭ ವಿಹಾರಗಳು

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ನಡಿಗೆ ಬಲ್ಲವನ ವಿಷಯವನ್ನು ಅವರು ಅದರೊಡನೆ ಸೇರಿಸಲಿಲ್ಲ. ಸೇರಿಸುವ ಅಗತ್ಯವೂ ಅವರಿಗಿರಲಿಲ್ಲ. ಗದ್ದೆಗೆ, ಹೊಳೆಗೆ, ಸಂತೆಗೆ, ಶಾಲೆಗೆ, ನೆಂಟರ ಮನೆಯ ಮದುವೆಗೆ, ಹೀಗೆ ಎಲ್ಲಕ್ಕೂ ಕಾಲುಗಳೇ ವಾಹನವಾಗಿದ್ದ ಕಾಲವದು. ನಡೆಯದೆ ಬದುಕುವ ಉಪಾಯವೇ ಅಂದು ಯಾರಿಗೂ ತಿಳಿದಿರಲಿಲ್ಲ.

ಇಂದು ನಮ್ಮ ಸ್ಥಿತಿ ಬೇರೆ. ಉದ್ಯೋಗ ನಿಮಿತ್ತ ವಿಶಾಖಪಟ್ಟಣಕ್ಕೆ ಬಂದು ನೆಲೆಸಿದ ಕನ್ನಡಿಗರಲ್ಲಿ ಉಕ್ಕಿನ ಕಾರ್ಖಾನೆಯವರು, ನೌಕಾನೆಲೆಯವರು, ಬ್ಯಾಂಕಿನವರು, ರೈಲ್ವೆಯವರು, ಹೋಟೆಲು ನಡೆಸುವವರು ಎಲ್ಲರೂ ಇದ್ದಾರೆ. ಬೆಳಿಗ್ಗೆ ಸ್ಕೂಟರು ಅಥವಾ ಬಸ್ಸು, ಹಗಲೆಲ್ಲ ಕುರ್ಚಿ, ಸಂಜೆ ಮತ್ತೆ ವಾಹನ, ರಾತ್ರಿ ದೂರದರ್ಶನ ಅಥವಾ ಮೊಬೈಲು. ಊರಿನಲ್ಲಿ ಹತ್ತು ಮೈಲಿ ನಡೆಯುತ್ತಿದ್ದ ಮನೆತನದ ಮಕ್ಕಳು ನಾವು. ಆ ಮನೆತನದ ಊಟವನ್ನು ಉಳಿಸಿಕೊಂಡು ನಡಿಗೆಯನ್ನು ಬಿಟ್ಟಿದ್ದೇವೆ. ಅನ್ನ, ಹೋಳಿಗೆ, ಚಿರೋಟಿ ಇವೆಲ್ಲ ನಮ್ಮೊಡನೆ ವಲಸೆ ಬಂದವು. ಕಾಲಿನ ಅಭ್ಯಾಸ ಮಾತ್ರ ಊರಿನಲ್ಲೇ ಉಳಿಯಿತು.

"ಇಲ್ಲಿ ನಡೆಯುವುದೆಲ್ಲಿ? ಸಮುದ್ರವಿದೆ ನಿಜ, ಆದರೆ ನಮ್ಮೂರಿನ ಹಾಗೆ ಹೊಳೆಯಿಲ್ಲವಲ್ಲ" ಎಂಬ ಮಾತು ನಮ್ಮವರ ಬಾಯಲ್ಲಿ, ಅದರಲ್ಲೂ ತುಂಗೆ, ಕಾವೇರಿ, ಶರಾವತಿಗಳ ಕಡೆಯಿಂದ ಬಂದವರ ಬಾಯಲ್ಲಿ, ಆಗಾಗ ಕೇಳಿಬರುತ್ತದೆ. ಹೊಳೆಯಿದೆ; ಅದೂ ದುವ್ವಾಡದಿಂದ ಎರಡೇ ನಿಲ್ದಾಣಗಳಾಚೆ. ಆ ಹೊಳೆಯ ಪರಿಚಯವನ್ನೂ, ಅದರ ನೆರೆಯಲ್ಲಿ ಕೈಗೊಳ್ಳಬಹುದಾದ ಸುಲಭ ವಿಹಾರಗಳ ವಿವರವನ್ನೂ, ನಡೆಯುವವರು ಪಾಲಿಸಬೇಕಾದ ಆರೋಗ್ಯ ನಿಯಮಗಳನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ವೈದ್ಯಶಾಸ್ತ್ರ ಏನನ್ನು ಹೇಳುತ್ತದೆ?

1953ರಲ್ಲಿ ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಆ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವೆಲ್ಲ ಕುಳಿತಿರುತ್ತಿದ್ದನು. ನಿರ್ವಾಹಕನು ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಬಸ್ಸು ಒಂದೇ, ರಸ್ತೆ ಒಂದೇ. ಆದರೂ ಹೃದಯರೋಗವು ಚಾಲಕರಲ್ಲಿ ಹೆಚ್ಚಾಗಿಯೂ ನಿರ್ವಾಹಕರಲ್ಲಿ ಕಡಿಮೆಯಾಗಿಯೂ ಕಂಡುಬಂದಿತು. ಚಲನೆಗೂ ಹೃದಯಕ್ಕೂ ಇರುವ ಸಂಬಂಧವನ್ನು ಶಾಸ್ತ್ರೀಯವಾಗಿ ಎತ್ತಿತೋರಿದ ಮೊದಲ ಅಧ್ಯಯನಗಳಲ್ಲಿ ಇದೊಂದು.

ನಮಗೆ ಇನ್ನೂ ಹತ್ತಿರದ ನಿದರ್ಶನ ಚೆನ್ನೈಯದು. ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದ 500ಕ್ಕೂ ಹೆಚ್ಚು ಮಂದಿಯನ್ನು ಅಲ್ಲಿನ ವೈದ್ಯರು ಸುಮಾರು ಮೂರು ವರ್ಷಗಳ ಕಾಲ ಗಮನಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಹಾರದಲ್ಲಿ ಮಿತಿಯನ್ನು ಪಾಲಿಸಿ ದಿನವೂ ಅರ್ಧ ಗಂಟೆಯಷ್ಟು ಬಿರುಸಾಗಿ ನಡೆಯಬೇಕೆಂಬ ಸಲಹೆಯನ್ನು ಪಡೆದವರಲ್ಲಿ, ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಿಗೆ ಹೋಲಿಸಿದರೆ, ಮಧುಮೇಹಕ್ಕೆ ತುತ್ತಾಗುವ ಸಂಭವ ಶೇಕಡಾ 28ರಷ್ಟು ತಗ್ಗಿತು. ಇದೇ ಉದ್ದೇಶಕ್ಕೆ ಕೊಟ್ಟ ಮಾತ್ರೆಯಿಂದ ದೊರೆತ ಪ್ರಯೋಜನವೂ ಹೆಚ್ಚುಕಡಿಮೆ ಅಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ರಾಷ್ಟ್ರವ್ಯಾಪಿ ಸಮೀಕ್ಷೆಯು 2023ರಲ್ಲಿ ತಿಳಿಸಿದಂತೆ ನಮ್ಮ ದೇಶದ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ. ಈ ಸಂಖ್ಯೆಯ ಮುಂದೆ ಮೇಲಿನ ಫಲಿತಾಂಶವನ್ನಿಟ್ಟು ನೋಡಿದಾಗ ನಡಿಗೆಯ ಬೆಲೆ ತಾನಾಗಿ ತಿಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಗತಿಯ ಶ್ರಮ ಅವಶ್ಯಕ. ಐದು ದಿನ ಅರ್ಧ ಗಂಟೆಯಂತೆ ನಡೆದರೆ 150 ನಿಮಿಷಗಳಾಯಿತು. ಮಧ್ಯಮ ಗತಿಯೆಂದರೆ ಯಾವುದು? ನಡೆಯುತ್ತ ಜೊತೆಗಾರರೊಡನೆ ಮಾತನಾಡಲು ಸಾಧ್ಯವಿರಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಇದಕ್ಕಿಂತ ಸುಲಭವಾದ ಅಳತೆಗೋಲು ಬೇಕಿಲ್ಲ.

ನದೀತೀರವೇ ಏಕೆ?

ನಡಿಗೆಗೆ ಊರಿನ ಯಾವ ಬೀದಿಯಾದರೂ ಸಾಕಲ್ಲವೇ ಎಂದು ಕೇಳಬಹುದು. ಸಾಕು, ಆದರೆ ಬೀದಿಯ ನಡಿಗೆ ಮೂರನೆಯ ವಾರಕ್ಕೆ ಬೇಸರ ತರುತ್ತದೆ. ಅಭ್ಯಾಸವು ಉಳಿಯಬೇಕಾದರೆ ಮನಸ್ಸಿಗೂ ಏನಾದರೂ ದೊರೆಯಬೇಕು. ನದಿಯ ಬಯಲು ಸಾಮಾನ್ಯವಾಗಿ ಸಮತಟ್ಟಾಗಿರುವುದರಿಂದ ಮೊಣಕಾಲಿಗೆ ಏರಿಳಿತದ ಬಾಧೆಯಿಲ್ಲ. ನೀರು, ಹಕ್ಕಿ, ಪೈರು, ದೋಣಿ ಇವುಗಳಿಂದ ನೋಟ ಋತುವಿಗೊಂದು ಬಗೆಯಾಗಿ ಬದಲಾಗುತ್ತದೆ. ಲಾರಿಗಳ ಹೊಗೆ ಮತ್ತು ಸದ್ದು ದೂರ ಉಳಿಯುತ್ತವೆ.

ಒಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಬೇಕು. ನದಿಯ ಒಣ ಮರಳಿನಲ್ಲಿ ನಡೆಯುವುದಕ್ಕೆ ಗಟ್ಟಿನೆಲದಲ್ಲಿ ನಡೆಯುವುದಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ವ್ಯಯವಾಗುತ್ತದೆ. ಆದ್ದರಿಂದ ಹೊಸಬರೂ ವೃದ್ಧರೂ ದಂಡೆಯ ಮೇಲಿನ ಗಟ್ಟಿದಾರಿಯನ್ನೇ ಹಿಡಿಯತಕ್ಕದ್ದು.

ದುವ್ವಾಡದ ಸುತ್ತಣ ನೀರು

ದುವ್ವಾಡವು ವಿಶಾಖಪಟ್ಟಣದ ನೈಋತ್ಯಕ್ಕೆ, ಹೌರಾ-ಚೆನ್ನೈ ಮುಖ್ಯ ರೈಲುಮಾರ್ಗದಲ್ಲಿ, ನಗರದ ನಿಲ್ದಾಣದಿಂದ ಸುಮಾರು 17 ಕಿಲೋಮೀಟರು ದೂರದಲ್ಲಿದೆ. ವಿಶಾಖಪಟ್ಟಣದ ನಿಲ್ದಾಣಕ್ಕೆ ಹೋದರೆ ಇಂಜಿನ್ನಿನ ದಿಕ್ಕು ಬದಲಿಸಬೇಕಾಗುವುದರಿಂದ ಅನೇಕ ದೂರದ ಗಾಡಿಗಳು ನಗರವನ್ನು ಮುಟ್ಟದೆ ದುವ್ವಾಡದಲ್ಲೇ ನಿಂತು ಮುಂದೆ ಸಾಗುತ್ತವೆ. ನಿಲ್ದಾಣದ ನೆರೆಯಲ್ಲಿ ಗುಡ್ಡಗಳು. ಒಂದು ಕಡೆ ವಿಶೇಷ ಆರ್ಥಿಕ ವಲಯ. ದಕ್ಷಿಣಕ್ಕೆ ಕೂರ್ಮನ್ನಪಾಲೆಂ, ಉಕ್ಕಿನ ಕಾರ್ಖಾನೆ ಮತ್ತು ಅದರ ವಸತಿನಗರವಾದ ಉಕ್ಕುನಗರಂ.

ದುವ್ವಾಡದ ಮಗ್ಗುಲಲ್ಲಿ ದೊಡ್ಡ ನದಿ ಹರಿಯುವುದಿಲ್ಲ. ಆದರೆ ನದಿಯ ನೀರು ಇಲ್ಲಿಗೆ ಬರುತ್ತದೆ. ಏಲೇರು ಜಲಾಶಯದಿಂದ ಸುಮಾರು 150 ಕಿಲೋಮೀಟರು ಉದ್ದದ ಕಾಲುವೆಯೊಂದು ಕಾರ್ಖಾನೆಗೆ ನೀರನ್ನು ತಂದು ಕಣಿತಿಯ ಜಲಾಶಯವನ್ನು ತುಂಬುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಭದ್ರಾ ನದಿಯ ಬಳಿಯಲ್ಲೇ ಕಟ್ಟಿದರು. ಇಲ್ಲಿ ನದಿಯನ್ನೇ ಕಾರ್ಖಾನೆಯ ಬಳಿಗೆ ಕರೆತಂದರು. ಉತ್ತರದಲ್ಲಿ ಪೆಂದುರ್ತಿಯ ಕಡೆ ಮೇಘಾದ್ರಿಗೆಡ್ಡ ಜಲಾಶಯವಿದೆ. ಗುಡ್ಡಗಳಿಂದ ಇಳಿಯುವ ತೊರೆಗೆ ಈ ಸೀಮೆಯ ತೆಲುಗಿನಲ್ಲಿ "ಗೆಡ್ಡ" ಎಂದು ಹೆಸರು. "ಏರು" ಎಂದರೆ ಹೊಳೆ. ಕನ್ನಡದಲ್ಲಿ ನಾವು ಕೆರೆಯ ಕಟ್ಟೆಯನ್ನು ಏರಿ ಎನ್ನುತ್ತೇವೆ. ದಾರಿ ಕೇಳುವಾಗ ಇವು ನೆನಪಿರಲಿ.

ಮೊದಲನೆಯ ವಿಹಾರ: ಮನೆಯ ಬಳಿಯದು

ವಾರದ ಐದು ದಿನಗಳ ನಡಿಗೆ ಮನೆಯಿಂದಲೇ ಹೊರಡಬೇಕು. ನದಿಯನ್ನು ಹುಡುಕಿಕೊಂಡು ದಿನವೂ ಹೋಗುವುದು ಯಾರಿಗೂ ಸಾಧ್ಯವಿಲ್ಲ. ಉಕ್ಕುನಗರಂ ವಾಸಿಗಳಿಗೆ ಅಗಲವಾದ ಸಾಲುಮರಗಳ ರಸ್ತೆಗಳಿವೆ. ದುವ್ವಾಡ, ಕೂರ್ಮನ್ನಪಾಲೆಂ, ಗಾಜುವಾಕದವರು ತಮ್ಮ ಬಡಾವಣೆಯ ಒಳರಸ್ತೆಗಳನ್ನು ಆರಿಸಿಕೊಂಡು ಹೆದ್ದಾರಿಯ ಅಂಚನ್ನು ಬಿಡುವುದು ಒಳ್ಳೆಯದು. ಕಾರ್ಖಾನೆಯ ಮತ್ತು ನೀರಾವರಿ ಇಲಾಖೆಯ ವ್ಯಾಪ್ತಿಯಲ್ಲಿರುವ ಜಲಾಶಯಗಳ ಕಟ್ಟೆಯ ಮೇಲೆ ಅನುಮತಿಯಿಲ್ಲದೆ ಕಾಲಿಡಬಾರದು. ಪಾಳಿಯ ಕೆಲಸದವರು ಹೊತ್ತಿನ ಚಿಂತೆ ಮಾಡಬೇಕಾಗಿಲ್ಲ; ನಿದ್ರೆಯನ್ನು ಕಡಿದುಕೊಂಡು ನಡೆಯುವುದಕ್ಕಿಂತ ನಿದ್ರೆಯಾದ ಬಳಿಕ ನಡೆಯುವುದೇ ಮೇಲು.

ಎರಡನೆಯ ವಿಹಾರ: ಅನಕಾಪಲ್ಲಿಯ ಶಾರದಾ ನದಿ

ವಾರದ ರಜೆಯ ದಿನ ನದಿಗೆ ಮೀಸಲಾಗಲಿ. ದುವ್ವಾಡದಲ್ಲಿ ರೈಲು ಹತ್ತಿದರೆ ನಡುವೆ ತಾಡಿ, ಆಮೇಲೆ ಅನಕಾಪಲ್ಲಿ. ಒಟ್ಟು ಸುಮಾರು 16 ಕಿಲೋಮೀಟರು. 2022ರ ಏಪ್ರಿಲ್‌ನಿಂದ ಅನಕಾಪಲ್ಲಿ ಪ್ರತ್ಯೇಕ ಜಿಲ್ಲೆಯ ಕೇಂದ್ರ. ಊರಿನ ಪಶ್ಚಿಮಕ್ಕೆ, ಅನಕಾಪಲ್ಲಿಗೂ ಕಶಿಂಕೋಟಕ್ಕೂ ನಡುವೆ, ಶಾರದಾ ನದಿ ಹರಿಯುತ್ತದೆ.

ಪೂರ್ವಘಟ್ಟದಲ್ಲಿ ಹುಟ್ಟಿ ಸುಮಾರು 120 ಕಿಲೋಮೀಟರು ಹರಿದು ಬಂಗಾಳ ಕೊಲ್ಲಿಯನ್ನು ಸೇರುವ ಈ ನದಿ ಗಾತ್ರದಲ್ಲಿ ಚಿಕ್ಕದು. ಮಳೆಗಾಲದಲ್ಲಿ ಕೆಂಪಾಗಿ ಉಕ್ಕಿ ಬೇಸಿಗೆಯಲ್ಲಿ ಮರಳಿನ ನಡುವಣ ತೆಳುಗೆರೆಯಾಗುವ ನಮ್ಮ ಬಯಲುಸೀಮೆಯ ಹೊಳೆಗಳ ಸೋದರಿ. ಶೃಂಗೇರಿಯಲ್ಲಿ ಶಾರದೆ ತುಂಗೆಯ ದಡದಲ್ಲಿ ನೆಲೆಸಿದ್ದಾಳೆ; ಇಲ್ಲಿ ಹೊಳೆಗೇ ಆಕೆಯ ಹೆಸರು. ಇನ್ನೂ ಒಂದು ಸಂಬಂಧವಿದೆ. ಮೇಲ್ಭಾಗದಲ್ಲಿ ದೇವರಾಪಲ್ಲಿಯ ಬಳಿ ಈ ನದಿಗೆ ಕಟ್ಟಿದ ರೈವಾಡ ಜಲಾಶಯದಿಂದ ವಿಶಾಖಪಟ್ಟಣ ನಗರಕ್ಕೆ ಕುಡಿಯುವ ನೀರು ಬರುತ್ತದೆ. ಊರು ಬಿಟ್ಟು ಬಂದಾಗಿನಿಂದ ಹೊಳೆ ತಪ್ಪಿತೆಂದು ಕೊರಗುವ ನಾವು ನಲ್ಲಿಯಲ್ಲಿ ಈ ಹೊಳೆಯ ನೀರನ್ನೇ ಹಿಡಿಯುತ್ತಿರಬಹುದು. ಹೀಗಿರುವಾಗ ಅದನ್ನು ಒಮ್ಮೆಯಾದರೂ ಕಣ್ಣಾರೆ ಕಾಣದಿರುವುದು ಸರಿಯೆ?

ಸೇತುವೆಯ ಬಳಿಯಿಂದ ದಂಡೆಯ ಹೊಲದಾರಿ ಹಿಡಿದು ಅರ್ಧ ಗಂಟೆ ಹೋಗಿ ಅರ್ಧ ಗಂಟೆ ಹಿಂದಿರುಗಿದರೆ ನಾಲ್ಕೈದು ಕಿಲೋಮೀಟರುಗಳ ನಡಿಗೆಯಾಗುತ್ತದೆ. ಹೊಲಗಳಲ್ಲಿ ಕಬ್ಬು ಮತ್ತು ಭತ್ತ. ಅನಕಾಪಲ್ಲಿಯ ಬೆಲ್ಲದ ಮಾರುಕಟ್ಟೆ ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲೊಂದು. ಚಳಿಗಾಲದಲ್ಲಿ ಆಲೆಮನೆಯ ಪರಿಮಳ ಗಾಳಿಯಲ್ಲಿ ತೇಲಿಬಂದಾಗ ಮಂಡ್ಯದ ಕಡೆಯವರಿಗೆ ತಮ್ಮೂರಿನ ನೆನಪಾಗದಿರದು. ಆದರೆ ಮಧುಮೇಹಿಗಳಲ್ಲಿ ಒಂದು ವಿನಂತಿ: ಬೆಲ್ಲವು ಸಕ್ಕರೆಗಿಂತ ನಿರಪಾಯವೆಂಬ ನಂಬಿಕೆ ಸರಿಯಲ್ಲ. ರಕ್ತದ ಮಟ್ಟಿಗೆ ಅದೂ ಸಕ್ಕರೆಯೇ. ಸಕ್ಕರೆ ಇಳಿಸಲು ಐದು ಕಿಲೋಮೀಟರು ನಡೆದು, ಹಿಂದಿರುಗುವಾಗ ಐದು ಕಿಲೋ ಬೆಲ್ಲ ಹೊತ್ತು ತಂದರೆ ಲಾಭ ಬೆಲ್ಲದ ವ್ಯಾಪಾರಿಗೆ ಮಾತ್ರ.

ಮೂರನೆಯ ವಿಹಾರ: ಸಂಕರಂ ಗುಡ್ಡಗಳು

ಸಮತಟ್ಟಿನ ನಡಿಗೆ ಒಂದೆರಡು ತಿಂಗಳು ರೂಢಿಯಾದವರು ಅನಕಾಪಲ್ಲಿಯ ಹೊರವಲಯದ ಸಂಕರಂ ಗ್ರಾಮಕ್ಕೆ ಹೋಗಬಹುದು. ಸಂಘಾರಾಮ ಎಂಬ ಪದವೇ ಸಂಕರಂ ಆಯಿತೆನ್ನುತ್ತಾರೆ. ಗದ್ದೆಗಳ ನಡುವೆ ಬೊಜ್ಜನ್ನಕೊಂಡ ಮತ್ತು ಲಿಂಗಾಲಕೊಂಡ ಎಂಬ ಎರಡು ಚಿಕ್ಕ ಗುಡ್ಡಗಳು. ಬಂಡೆಯಲ್ಲಿ ಕೊರೆದ ಗುಹೆಗಳು, ಇಟ್ಟಿಗೆಯ ವಿಹಾರಗಳ ತಳಪಾಯ, ಏಕಶಿಲೆಯಲ್ಲಿ ಕಡೆದ ಹತ್ತಾರು ಸ್ತೂಪಗಳು ಇಲ್ಲಿವೆ. 1907-08ರಲ್ಲಿ ಅಲೆಕ್ಸಾಂಡರ್ ರೀ ಅವರು ನಡೆಸಿದ ಉತ್ಖನನದಲ್ಲಿ ಸಮುದ್ರಗುಪ್ತನ ಕಾಲದ ಚಿನ್ನದ ನಾಣ್ಯವೊಂದು ದೊರೆಯಿತು.

ಮೆಟ್ಟಿಲುಗಳಿರುವುದರಿಂದ ಹತ್ತುವುದು ಕಷ್ಟವಲ್ಲ. ಹತ್ತುವಾಗ ಹೃದಯಕ್ಕೂ ಇಳಿಯುವಾಗ ಮೊಣಕಾಲಿಗೂ ಹೆಚ್ಚಿನ ಕೆಲಸ. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು, ಉಸಿರು ಸಮನಾದ ಮೇಲೆ ಮುಂದುವರಿಯಬೇಕು. ಕೀಲುನೋವಿನವರು ಇಳಿಯುವಾಗ ಊರುಗೋಲನ್ನು ಬಳಸಲು ನಾಚಬೇಕಾಗಿಲ್ಲ.

ನಾಲ್ಕನೆಯ ವಿಹಾರ: ಕೊಂಡಕರ್ಲ ಆವ

ಅಚ್ಯುತಾಪುರಂ ಕಡೆಗೆ, ಗುಡ್ಡಗಳ ಮಡಿಲಲ್ಲಿರುವ ಸಿಹಿನೀರಿನ ಸರೋವರವಿದು. ಜವುಗು ಸರೋವರಕ್ಕೆ ಇಲ್ಲಿಯವರು "ಆವ" ಎನ್ನುತ್ತಾರೆ. ತಾವರೆ ಮತ್ತು ಜೊಂಡು ತುಂಬಿದ ನೀರಿನಲ್ಲಿ ತಾಳೆಮರದ ಕಾಂಡವನ್ನು ಕೊರೆದು ಮಾಡಿದ ದೋಣಿಗಳು ಚಲಿಸುತ್ತವೆ. ಚಳಿಗಾಲದಲ್ಲಿ ವಲಸೆಹಕ್ಕಿಗಳು ಬರುತ್ತವೆ. ರಂಗನತಿಟ್ಟಿಗೆ ಹೋಗಿಬಂದವರಿಗೆ ಇದರ ಸೊಬಗನ್ನು ಬಣ್ಣಿಸಬೇಕಾಗಿಲ್ಲ. ದಡದ ದಾರಿಯಲ್ಲಿ ಮಕ್ಕಳೂ ಅಜ್ಜಿಯರೂ ಒಟ್ಟಿಗೆ ನಡೆಯಬಹುದಾದ ಕಾರಣ ಸಂಸಾರ ಸಮೇತ ಹೋಗಲು ಇದು ಅತ್ಯಂತ ಯೋಗ್ಯವಾದ ಸ್ಥಳ. ಬುತ್ತಿಗೆ ಅವಲಕ್ಕಿ ಅಥವಾ ಮೊಸರನ್ನ ಸಾಕು. ಎಲೆ, ಪ್ಲಾಸ್ಟಿಕ್ಕುಗಳನ್ನು ಮನೆಗೇ ಹಿಂದಿರುಗಿ ತರಬೇಕು.

ದೂರದ ನದಿಗಳು

ನಗರದ ಉತ್ತರಭಾಗದ ವಾಸಿಗಳಿಗೆ ಶಾರದೆಗಿಂತ ಗೋಸ್ತನಿ ಹತ್ತಿರ. ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ, ಬೊರ್ರಾ ಗುಹೆಗಳ ಮೂಲಕ ಹಾದು, ತಾಟಿಪೂಡಿ ಜಲಾಶಯವನ್ನು ತುಂಬಿ, ಭೀಮುನಿಪಟ್ಟಣದಲ್ಲಿ ಅದು ಕಡಲನ್ನು ಸೇರುತ್ತದೆ. ಅಳಿವೆಯ ಬಳಿ ಸಂಜೆಯ ನಡಿಗೆ ಹಿತಕರ. ನೀರಿಗಿಳಿಯುವುದು ಮಾತ್ರ ಸಲ್ಲದು.

ಈ ಸಂಚಿಕೆ ವಿಜಯವಾಡದ ಬಂಧುಗಳ ಕೈಸೇರಿದರೆ ಅವರಿಗೊಂದು ಮಾತು. ನಿಮ್ಮೂರಿನ ಕೃಷ್ಣೆ ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ತುಂಗಭದ್ರೆಯನ್ನು ಕೂಡಿಕೊಂಡು ಬಂದವಳು. 1957ರಲ್ಲಿ ಪೂರ್ಣಗೊಂಡ ಪ್ರಕಾಶಂ ಬ್ಯಾರೇಜಿನ ಉದ್ದ ಸುಮಾರು 1,200 ಮೀಟರು. ಆ ದಡದಿಂದ ಈ ದಡಕ್ಕೆ ಒಮ್ಮೆ ಹೋಗಿಬಂದರೆ ದಿನದ ಅರ್ಧ ಗಂಟೆಯ ಲೆಕ್ಕ ಮುಗಿಯಿತು. ವಾಹನಗಳು ವಿರಳವಾಗಿರುವ ಮುಂಜಾನೆಯೇ ಅದಕ್ಕೆ ತಕ್ಕ ಹೊತ್ತು.

ವರ್ಷಕ್ಕೊಮ್ಮೆಯ ಸಾಹಸ

ದುವ್ವಾಡಕ್ಕೆ ಹತ್ತಿರದ ಸಿಂಹಾಚಲವು ಕನ್ನಡಿಗರಿಗೆ ಅಪರಿಚಿತವಲ್ಲ. ಕಳಿಂಗ ದಂಡಯಾತ್ರೆಯ ಸಂದರ್ಭದಲ್ಲಿ, 1516ರಲ್ಲಿ, ಕೃಷ್ಣದೇವರಾಯನು ಇಲ್ಲಿಗೆ ಬಂದು ಕಾಣಿಕೆ ಅರ್ಪಿಸಿದುದನ್ನು ದೇವಾಲಯದ ಶಾಸನ ತಿಳಿಸುತ್ತದೆ. ಆಷಾಢ ಹುಣ್ಣಿಮೆಯ ಸಮಯದಲ್ಲಿ ಲಕ್ಷಾಂತರ ಭಕ್ತರು ಬೆಟ್ಟದ ಸುತ್ತ 32 ಕಿಲೋಮೀಟರುಗಳ ಗಿರಿಪ್ರದಕ್ಷಿಣೆ ಮಾಡುತ್ತಾರೆ. ಭಕ್ತಿಯ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ವರ್ಷದ 364 ದಿನ ಕುಳಿತಿದ್ದು ಒಂದು ದಿನ 32 ಕಿಲೋಮೀಟರು ನಡೆಯುವುದು ಶರೀರಕ್ಕೆ ಆಘಾತ. ಹೃದ್ರೋಗ, ರಕ್ತದೊತ್ತಡ, ಮಧುಮೇಹ ಇರುವವರಿಗೆ ಅಪಾಯವೂ ಹೌದು. ಪ್ರದಕ್ಷಿಣೆಗೆ ಹೊರಡಲಿಚ್ಛಿಸುವವರು ಕನಿಷ್ಠ ಮೂರು ತಿಂಗಳು ಮುಂಚಿತವಾಗಿ ಅಭ್ಯಾಸ ಆರಂಭಿಸಿ, ವೈದ್ಯರ ಒಪ್ಪಿಗೆ ಪಡೆಯಬೇಕು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ನಡಿಗೆಗೂ ಅನ್ವಯಿಸುತ್ತದೆ. ದಿನದ ಅರ್ಧ ಗಂಟೆ ಮಾಡುವ ಉಪಕಾರವನ್ನು ವರ್ಷದ ಒಂದು ದಿನ ಮಾಡಲಾರದು.

ಪಾಲಿಸಬೇಕಾದ ಎಚ್ಚರಿಕೆಗಳು

ಕಾಲ ಮತ್ತು ಹೊತ್ತು: ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಅತ್ಯುತ್ತಮ. ಈ ಊರು ಪೂರ್ವಕ್ಕಿರುವುದರಿಂದ ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯೋದಯ ಬೆಂಗಳೂರಿಗಿಂತ ಸುಮಾರು ಅರ್ಧ ಗಂಟೆ ಮೊದಲು. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮನೆಗೆ ಹಿಂದಿರುಗಬೇಕು. ಕಡಲತೀರದ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ತಲೆಸುತ್ತು, ಓಕರಿಕೆ, ಸ್ನಾಯುಸೆಳೆತ ಕಂಡೊಡನೆ ನೆರಳಿಗೆ ಸರಿದು ನೀರು ಕುಡಿಯಬೇಕು. ಮಾತು ತೊದಲಿದರೆ ಅಥವಾ ಮಂಕು ಕವಿದರೆ ಮೈಮೇಲೆ ನೀರೆರೆದು ತಣಿಸುತ್ತ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನೀರು: ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಮೊಣಕಾಲುದ್ದವೆಂದು ಇಳಿದ ಕಡೆ ಆಳುದ್ದ ನೀರಿರಬಹುದು. ಮಕ್ಕಳನ್ನು ನದಿಯ ಪಾತ್ರಕ್ಕೆ ಬಿಡಕೂಡದು. ಮಳೆ ಮತ್ತು ಚಂಡಮಾರುತದ ತಿಂಗಳುಗಳಲ್ಲಿ ದಂಡೆಯ ವಿಹಾರವನ್ನು ನಿಲ್ಲಿಸಬೇಕು. 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತವನ್ನು ಕಂಡ ವಿಶಾಖಪಟ್ಟಣದವರಿಗೂ, 2024ರ ಸೆಪ್ಟೆಂಬರ್ ಪ್ರವಾಹವನ್ನು ಕಂಡ ವಿಜಯವಾಡದವರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಪಾದಗಳು: ದಡದಲ್ಲಿ ಬರಿಗಾಲು ಬೇಡ. ಮಧುಮೇಹಿಗಳ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು. ಮುಳ್ಳು ಚುಚ್ಚಿದ್ದೂ ತಿಳಿಯದು. ಮುಚ್ಚಿದ ಬೂಟು, ಹತ್ತಿಯ ಕಾಲುಚೀಲ ಧರಿಸಿ, ಮನೆಗೆ ಬಂದೊಡನೆ ಬೆರಳ ಸಂದುಗಳನ್ನೂ ಅಂಗಾಲನ್ನೂ ಪರೀಕ್ಷಿಸಬೇಕು. ಗಾಯವಿದ್ದಾಗ ಕೆಸರುನೀರಿನಲ್ಲಿ ನಡೆದರೆ ಇಲಿಜ್ವರ ತಗುಲುವ ಸಂಭವವಿದೆ.

ಪೊದೆ ಮತ್ತು ಹುಲ್ಲು: ಮಳೆಗಾಲದ ನಂತರ ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳುವಿನ ಕಡಿತದಿಂದ ಸ್ಕ್ರಬ್ ಟೈಫಸ್ ಎಂಬ ಜ್ವರ ಬರುತ್ತದೆ. ಹುಲ್ಲಿನ ಮೇಲೆ ಕೂರುವಾಗ ಜಮಖಾನೆ ಹಾಸಬೇಕು. ವಿಹಾರದ ಒಂದೆರಡು ವಾರಗಳಲ್ಲಿ ಜ್ವರ ಬಂದು, ಮೈಮೇಲೆ ಸುಟ್ಟಂತಹ ಕಪ್ಪು ಹಕ್ಕಳೆ ಕಂಡರೆ, ಹೊಲದಲ್ಲಿ ನಡೆದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಬೇಗ ಗುರುತಿಸಿದರೆ ಸುಲಭವಾಗಿ ಗುಣವಾಗುವ, ತಡವಾದರೆ ಪ್ರಾಣಕ್ಕೆ ಎರವಾಗುವ ಕಾಯಿಲೆಯಿದು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು; 108ಕ್ಕೆ ಕರೆಮಾಡಿದರೆ ವಾಹನ ದೊರೆಯುತ್ತದೆ.

ಸಕ್ಕರೆ ಮತ್ತು ಹೃದಯ: ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ನಡೆಯಬಾರದು. ಕೈನಡುಕ, ತಣ್ಣನೆಯ ಬೆವರು, ವಿಪರೀತ ಹಸಿವು ರಕ್ತದ ಸಕ್ಕರೆ ಕುಸಿದುದರ ಸೂಚನೆ. ಆಗ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ಒಡನೆಯೇ ಸೇವಿಸಬೇಕು. ಕಿಸೆಯಲ್ಲಿ ಅದರ ಪೊಟ್ಟಣವಿರಲಿ. ನಡೆಯುವಾಗ ಎದೆ ಬಿಗಿದರೆ, ನೋವು ದವಡೆಗೋ ಎಡದೋಳಿಗೋ ಹರಿದರೆ, ಅಲ್ಲಿಯೇ ಕುಳಿತು ಸಹಾಯ ಕೇಳಬೇಕು. ಗ್ಯಾಸೆಂದು ಕಡೆಗಣಿಸಿ ಮನೆಯವರೆಗೆ ನಡೆದುಕೊಂಡು ಬರಬಾರದು.

ಆರಂಭಿಸುವ ಕ್ರಮ

ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಸಾಕು. ವಾರಕ್ಕೆ ಐದೈದು ನಿಮಿಷ ಹೆಚ್ಚಿಸಿದರೆ ಐದನೆಯ ವಾರದಲ್ಲಿ ಅರ್ಧ ಗಂಟೆಯನ್ನು ಮುಟ್ಟಬಹುದು. ಆರನೆಯ ವಾರದ ರಜಾದಿನ ಶಾರದೆಯ ದಂಡೆ. ಮೂರನೆಯ ತಿಂಗಳಲ್ಲಿ ಸಂಕರಂ. ಚಳಿಗಾಲದಲ್ಲಿ ಎಲ್ಲರೂ ಕೂಡಿ ಕೊಂಡಕರ್ಲ. ನಲವತ್ತು ದಾಟಿದವರು ಆರಂಭಕ್ಕೆ ಮೊದಲು ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ವಿವೇಕ.

ಒಬ್ಬರೇ ನಡೆಯುವುದಕ್ಕಿಂತ ಗುಂಪಿನಲ್ಲಿ ನಡೆಯುವುದು ಮೇಲು. ಬಿಸಿಲಿಗೂ ಹಾವಿಗೂ ಎದೆನೋವಿಗೂ ಜೊತೆಗಾರನೇ ಮೊದಲ ವೈದ್ಯ. ಮನೆಯಲ್ಲಿ ಉಳಿಯುವ ಗೃಹಿಣಿಯರು, ಮಕ್ಕಳ ಬಳಿಗೆ ಊರಿನಿಂದ ಬಂದು ಭಾಷೆ ತಿಳಿಯದೆ ನಾಲ್ಕು ಗೋಡೆಗಳೊಳಗೆ ಕುಳಿತ ತಂದೆತಾಯಂದಿರು, ಇವರಿಗೆ ನಡಿಗೆಗಿಂತಲೂ ಹೆಚ್ಚಾಗಿ ಬೇಕಾದುದು ಕನ್ನಡದ ಎರಡು ಮಾತು. ರಾಜ್ಯೋತ್ಸವಕ್ಕೂ ಯುಗಾದಿಗೂ ಮಾತ್ರ ಒಂದುಗೂಡುವ ನಾವು ತಿಂಗಳಿಗೊಂದು ಭಾನುವಾರ ದುವ್ವಾಡದ ನಿಲ್ದಾಣದಲ್ಲಿ ಸೇರಿ, ಅಂತಹ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಶಾರದೆಯವರೆಗೆ ಹೋಗಿಬರುವ ಪದ್ಧತಿಯನ್ನು ಆರಂಭಿಸಬಾರದೇಕೆ? ಖರ್ಚು ರೈಲಿನ ಟಿಕೀಟಿನದಷ್ಟೆ. ಮಳೆ ನಿಂತ ಮೇಲಿನ ಮೊದಲ ಭಾನುವಾರವೇ ಅದಕ್ಕೆ ಸುಮುಹೂರ್ತ.